ಕಂದು ಹಸುವಿನ ಅನೌನ್ಸ್‌ಮೆಂಟು

ಬೇರೆಯವರ ಅಮ್ಮಂದಿರು ಬಾಗಿಲಲ್ಲಿ ನಿಂತು ತಮ್ಮ ಮಕ್ಕಳನ್ನು ಕೂಗುತ್ತಿದ್ದರು. ನಮ್ಮಮ್ಮ ಆಟೋದ ಮೇಲೆ ಕಟ್ಟಿದ ಹಾರನ್ನಿನಿಂದ ಇಡೀ ಶಿಡ್ಲಘಟ್ಟವನ್ನೇ ಕೂಗುತ್ತಿದ್ದಳು. ಸೀರೆಗೆ ರಿಯಾಯಿತಿ, ಉಚಿತ ಕಣ್ಣಿನ ತಪಾಸಣೆ, ಮುರುಗಮಲ್ಲದ ಉರುಸಿಗೆ ವಿಶೇಷ ಬಸ್ಸು, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಇಂಥ ಬೀದಿಯ ತಾತ ತೀರಿಕೊಂಡರು, ಎಲ್ಲವೂ ಅವಳ ದನಿಯಲ್ಲೇ ಊರಿಗೆ ತಿಳಿಯಬೇಕಿತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಅಂಗಡಿ. ಮುಂದುಗಡೆ ಜೆರಾಕ್ಸು, ಮದುವೆ ಪತ್ರಿಕೆ, ಅರ್ಜಿ ತುಂಬುವ ಕೆಲಸ. ಹಿಂದುಗಡೆ ಪ್ಲೈವುಡ್ಡಿನ ಮರೆ ಕಟ್ಟಿ, ಸದ್ದು ಒಳಗೆ ಬರದಿರಲೆಂದು ಸುತ್ತ ಹಳೇ ಕಂಬಳಿಗಳನ್ನು ಹೊಡೆಸಿ, ಒಂದು ಸ್ಟೂಲು ಹಿಡಿಸುವಷ್ಟು ಜಾಗ ಮಾಡಿಕೊಂಡಿದ್ದಳು. ಅಲ್ಲಿ ಮೈಕು, ಅದರ ಪಕ್ಕದಲ್ಲಿ ಕಂಪ್ಯೂಟರು. ಅವಳು ಅದನ್ನು ಗೂಡು ಎನ್ನುತ್ತಿದ್ದಳು. ರೇಷ್ಮೆ ಹುಳು ಬೆಳೆಯುವವನನ್ನು ಕಟ್ಟಿಕೊಂಡ ಮೇಲೆ ಇನ್ನೇನು ಎನ್ನುತ್ತಾಳೆ.

ಆ ಕಂಬಳಿಯ ಹಿಂದೆ ಕೂತು ಕೂತೇ ನಾನು ಕೆಟ್ಟೆ ಎಂದು ನಮ್ಮ ದೊಡ್ಡಪ್ಪ ಹೇಳುತ್ತಾರೆ. ನನಗೆ ಯಾರ ದನಿ ಕಿವಿಗೆ ಬಿದ್ದರೂ ಬಾಯಿಗೆ ಬಂದುಬಿಡುತ್ತದೆ. ಮದುವೆ ಆರತಕ್ಷತೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ, ಗಣೇಶನ ಪೆಂಡಾಲಿನಲ್ಲಿ ಮಿಮಿಕ್ರಿ ಮಾಡುತ್ತೇನೆ. ಚಿಂತಾಮಣಿ ಬಸ್ಸಿನ ಕಂಡಕ್ಟರು ಅರ್ಧ ತೆಲುಗಿನಲ್ಲಿ ಬೈದು ಅರ್ಧ ಕನ್ನಡದಲ್ಲಿ ಸಮಾಧಾನ ಮಾಡುವುದು, ರೇಷ್ಮೆಗೂಡಿನ ಮಾರುಕಟ್ಟೆಯ ಮೈಕಿನಲ್ಲಿ ಬರುವ ನಿದ್ದೆಗಣ್ಣಿನ ದನಿ, ಬುದ್ಧಿ ಹೇಳುವ ಮುಂಚೆ ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳುವ ರೀತಿ, ಕಾಲೇಜಿನ ಹುಡುಗಿಯೊಬ್ಬಳ ಮುಂದೆ ನಾನೇ ತೊದಲಿದ್ದು, ಎಲ್ಲಕ್ಕೂ ಚಪ್ಪಾಳೆ ಬೀಳುತ್ತದೆ. ಕೊನೆಯದಕ್ಕೆ ಹೆಚ್ಚು.

ಅಮ್ಮನ ದನಿಯನ್ನಂತೂ ಮೀಸೆ ಬರುವ ಮುಂಚೆಯೇ ಕದ್ದಿದ್ದೆ. ಊರಾಚೆ ನಮ್ಮ ಹಿಪ್ಪುನೇರಳೆ ತೋಟದಲ್ಲೇ ಮನೆ, ಮನೆಯ ಪಕ್ಕದಲ್ಲೇ ಹುಳು ಸಾಕುವ ಕೊಟ್ಟಿಗೆ. ನಾನು ಅಡುಗೆಮನೆಯ ಕಿಟಕಿಯ ಹಿಂದೆ ಅಡಗಿ, ಥೇಟ್ ಅವಳಂತೆ, ‘ಏನ್ರೀ, ಕಾಫಿ ಆರೋಗ್ತದೆ ಬನ್ನಿ’ ಎನ್ನುತ್ತಿದ್ದೆ. ಅಪ್ಪ ಸೊಪ್ಪು ಹಾಕುವುದನ್ನು ಬಿಟ್ಟು, ಕೈ ತೊಳೆದು, ಒಳಗೆ ಬರುತ್ತಿದ್ದ. ಕಾಫಿಯೂ ಇಲ್ಲ, ಹೆಂಡತಿಯೂ ಇಲ್ಲ, ಕಿಟಕಿಯ ಹಿಂದೆ ನಾನು ಹಲ್ಲು ಕಿರಿಯುತ್ತಿದ್ದೆ. ಅಲ್ಲೇ ಬಿದ್ದಿದ್ದ ಸೊಪ್ಪಿನ ಕಡ್ಡಿಯೊಂದನ್ನು ನನ್ನತ್ತ ಎಸೆದು ಹೋಗುತ್ತಿದ್ದ. ಮುಂದಿನ ವಾರ ಮತ್ತೆ ಅದೇ ಮೋಸಕ್ಕೆ ಬೀಳುತ್ತಿದ್ದ. ಅಮ್ಮ ನಗುತ್ತಾ, ‘ನಿಜವಾಗ್ಲೂ ನಾನು ಕೂಗಿದ್ರೆ ಬರಲ್ಲ, ಇವನು ಕೂಗಿದ್ರೆ ಓಡಿ ಬರ್ತಾರೆ’ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಇನ್ನು ಹಸುವಿನ ವಿಷಯ. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಒಂದು ಕಂದು ಹಸು ನಮ್ಮಲ್ಲಿತ್ತು. ಅಪ್ಪ ಮನುಷ್ಯರ ಜೊತೆ ಕನ್ನಡದಲ್ಲಿ ಕಡಿಮೆ ಮಾತಾಡುತ್ತಾನೆ, ಹಸುವಿನ ಜೊತೆ ತೆಲುಗಿನಲ್ಲಿ ಹೆಚ್ಚು ಮಾತಾಡುತ್ತಾನೆ. ಒಂದು ದಿನ ಹಗ್ಗದ ಗಂಟು ಸಡಿಲವಾಗಿ ಅದು ಹೊರಟುಹೋಯಿತು. ಅಮ್ಮ ಗೂಡಿನಲ್ಲಿ ಕೂತು ಒಂದು ಅನೌನ್ಸ್‌ಮೆಂಟು ಮಾಡಿದಳು. ‘ಮಾನ್ಯರೇ, ಹಣೆಯಲ್ಲಿ ಬಿಳಿ ಬೊಟ್ಟಿರುವ ಕಂದು ಬಣ್ಣದ ಹಸುವೊಂದು ಕಾಣೆಯಾಗಿದೆ. ಹಸು ಬಹಳ ಸಾಧು. ಅದನ್ನು ಕಟ್ಟಿದವರಿಗೆ ಗಂಟು ಹಾಕಲು ಬರುವುದಿಲ್ಲ. ಕಂಡವರು ದಯವಿಟ್ಟು ಗಟ್ಟಿಯಾಗಿ ಕಟ್ಟಿಹಾಕಿ ತಿಳಿಸಬೇಕಾಗಿ ವಿನಂತಿ.’ ಆಟೋ ಅದನ್ನು ಹೇಳಿಕೊಂಡು ಊರೆಲ್ಲ ಸುತ್ತಿತು. ಹಸು ಪಕ್ಕದ ಊರಿನವರ ಹಿಪ್ಪುನೇರಳೆಯಲ್ಲಿ ಹಬ್ಬ ಮಾಡುತ್ತಿದ್ದದ್ದು ಸಿಕ್ಕಿತು. ಅದಾಗಿ ಎಷ್ಟೋ ದಿನ ಜನ ಅಪ್ಪನನ್ನು ಕಂಡರೆ, ‘ಏನಣ್ಣಾ, ಗಂಟು ಹಾಕೋದು ಕಲಿತ್ಕೊಂಡ್ಯಾ?’ ಎನ್ನುತ್ತಿದ್ದರು. ಅಪ್ಪ ತಲೆ ತಗ್ಗಿಸಿಕೊಂಡು, ಆದರೆ ಮೀಸೆಯೊಳಗೆ ನಗುತ್ತಾ ಹೋಗುತ್ತಿದ್ದ. ಹೆಂಡತಿ ತನ್ನನ್ನು ಊರ ಮುಂದೆ ರೇಗಿಸಿದ್ದು ಅವನಿಗೆ ಯಾರೋ ಪೇಟ ತೊಡಿಸಿದಂತೆ ಆಗಿತ್ತು.

ಹೋದ ಬೇಸಿಗೆಯಲ್ಲಿ ಅಮ್ಮನಿಗೆ ಜ್ವರ ಬಂತು. ನಮ್ಮ ಕಡೆ ಹುಳು ಪೊರೆ ಕಳಚುವುದಕ್ಕೂ ಜ್ವರ ಎಂದೇ ಹೇಳುತ್ತಾರೆ. ತಲೆ ಎತ್ತಿ, ಮೇವು ಬಿಟ್ಟು, ಸುಮ್ಮನೆ ಕೂತಿರುತ್ತದೆ. ಅಂಥ ನಾಲ್ಕು ಜ್ವರ ದಾಟಿ ಹುಳು ಗೂಡು ಕಟ್ಟುತ್ತದೆ. ಅಮ್ಮ ಒಂದನ್ನೂ ದಾಟಲಿಲ್ಲ. ಅವಳು ತೀರಿಕೊಂಡ ಸುದ್ದಿಯನ್ನು ಊರಿಗೆ ಹೇಳುವುದಕ್ಕೆ ಯಾರ ದನಿ ಹಾಕುವುದು ಎಂದು ಆಟೋದವರು ಬಂದು ಕೇಳಿದರು. ಅಂಗಡಿ ಶುರುವಾದ ದಿನದಿಂದ ಅಮ್ಮನ ದನಿ ಹೊತ್ತು ತಿರುಗಿದವರು ಅವರು. ನಾನು ಮೈಕು ಮುಟ್ಟಲಿಲ್ಲ. ಕೊನೆಗೆ ಅವರೇ ಮೈಕು ಹಿಡಿದು, ಉರ್ದು ಬೆರೆತ ಕನ್ನಡದಲ್ಲಿ, ಅಳುತ್ತಾ ಹೇಳಿಕೊಂಡು ಹೋದರು. ಅರ್ಧ ಊರಿಗೆ ಯಾರು ಸತ್ತರೆಂದೇ ತಿಳಿಯಲಿಲ್ಲ.

ತಿಥಿ ಮುಗಿದು ನೆಂಟರು ಬಸ್ಸು ಹತ್ತಿದ ಮೇಲೆ ಅಪ್ಪ ನನ್ನ ಪಕ್ಕ ಬಂದು ಕೂತ. ‘ಹಸು ಕಳ್ದೋದಾಗ ನಿಮ್ಮಮ್ಮ ಹೇಳಿದ್ಲಲ್ಲ, ಅದು ಇದೆಯೇನಪ್ಪಾ?’ ಎಂದ.

ಇದೆ, ಕಂಪ್ಯೂಟರಿನಲ್ಲಿದೆ, ಈಗಲೇ ಫೋನಿಗೆ ಹಾಕಿಕೊಂಡು ಬರುತ್ತೇನೆ ಎಂದೆ. ಫೋನಿನಲ್ಲಿ ಬೇಡ ಎಂದ. ಅಂಗಡಿಗೇ ಬಂದು, ಅವಳ ಗೂಡಿನಲ್ಲೇ ಕೂತು ಕೇಳುತ್ತೇನೆ, ಈ ಬೆಳೆ ಮುಗಿಯಲಿ ಎಂದ. ಆ ಬೆಳೆ ಮುಗಿಯಿತು. ಇನ್ನೊಂದು ಬೆಳೆ ಮುಗಿಯಲಿ ಎಂದ. ಅವನಿಗೆ ಕೇಳಬೇಕಿತ್ತು, ಕೇಳಿಬಿಟ್ಟರೆ ಮುಗಿದುಹೋಗುತ್ತದೆ ಎಂಬ ಭಯವೂ ಇತ್ತು. ಹಬ್ಬಕ್ಕೆಂದು ಎತ್ತಿಟ್ಟ ಬೆಲ್ಲದ ಹಾಗೆ ಅದನ್ನು ಇಟ್ಟುಕೊಂಡಿದ್ದ. ನಾನೂ ಒತ್ತಾಯ ಮಾಡಲಿಲ್ಲ.

ಆ ದನಿ ಬೇರೆಲ್ಲೂ ಇರಲಿಲ್ಲ. ಆಟೋದವರ ಪೆನ್‌ಡ್ರೈವಿನಲ್ಲಿ ಹೊಸದು ಹಾಕುವಾಗ ಹಳೆಯದನ್ನು ಅಳಿಸುವುದು ರೂಢಿ. ಅಮ್ಮನ ಫೋನು ಅವಳಿಗಿಂತ ಮುಂಚೆಯೇ ಕೆಟ್ಟುಹೋಗಿತ್ತು. ವಾಯ್ಸ್ ಮೆಸೇಜು ಕಳಿಸೇ ಎಂದರೆ, ಗಂಟಲು ದುಡಿಮೆಗೆ ಇರೋದು, ಪುಕ್ಕಟೆ ಕೊಡಲ್ಲ ಎನ್ನುತ್ತಿದ್ದಳು. ಅವಳು ಮಾಡಿದ್ದೆಲ್ಲ ಕಂಪ್ಯೂಟರಿನ ಡೆಸ್ಕ್‌ಟಾಪಿನ ಮೇಲೆ, ಸಂತೆಯಲ್ಲಿ ಸೊಪ್ಪು ಹರಡಿದಂತೆ, ಸಾಲುಸಾಲಾಗಿ ಬಿದ್ದಿತ್ತು.

ದಸರಾ ಬಂತು. ಸತ್ತವರ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಆದರೆ ಅಂಗಡಿಯ ಮಳಿಗೆ ದೊಡ್ಡಪ್ಪನದು. ಪಕ್ಕದ ಮಳಿಗೆಯಲ್ಲಿ ಅವರದೇ ಪೈಪಿನ ಅಂಗಡಿ ಬೇರೆ. ಸೂತಕ ಮನೆಗೆ, ಮಳಿಗೆಗಲ್ಲ, ಆಯುಧಪೂಜೆ ಆಗಲೇಬೇಕು ಎಂದು ಗಂಟಲು ಸರಿಮಾಡಿಕೊಂಡರು. ಜೆರಾಕ್ಸ್ ಮಿಷಿನ್ನಿಗೆ ವಿಭೂತಿ ಬಳಿದದ್ದಾಯಿತು, ಮೈಕಿಗೆ ಚೆಂಡುಹೂ ಸುತ್ತಿದ್ದಾಯಿತು. ಪೂಜೆ ಮಾಡುವಾಗ ಯಂತ್ರಕ್ಕೆ ಜೀವ ಇರಬೇಕು, ಕಂಪ್ಯೂಟರು ಹಾಕೋ ಎಂದರು. ಹಾಕಿದೆ. ಪರದೆಯ ಮೇಲೆ, ಎಂದಿನಂತೆ, ಕನ್ನಡಕ ಹಾಕಿಕೊಂಡ ಅಮ್ಮನ ಸಣ್ಣ ಫೋಟೋ ಬಂತು. ಅದರ ಕೆಳಗೆ ಅವಳ ಹೆಸರು. ದೊಡ್ಡಪ್ಪನ ಕೈಯಲ್ಲಿದ್ದ ಮಂಗಳಾರತಿ ತಟ್ಟೆ ನಿಂತಿತು.

‘ಹೋದೋರು ಗೋಡೆ ಮೇಲಿರ್ಬೇಕು ಕಣೋ. ಪೂಜೆ ಮಾಡೋ ಜಾಗದಲ್ಲಿ ಎದ್ದು ಬಂದು ಕೂತ್ಕೋಬಾರ್ದು,’ ಎಂದರು.

ಅವರ ಮಗ, ನನಗೆ ಅಣ್ಣನಾಗಬೇಕು, ಹಬ್ಬಕ್ಕೆ ಬಂದಿದ್ದ. ಗೌರಿಬಿದನೂರಿನ ಒಂದು ಕಾರ್ಖಾನೆಯಲ್ಲಿ ಅವನಿಗೆ ಕಂಪ್ಯೂಟರು ನೋಡಿಕೊಳ್ಳುವ ಕೆಲಸ. ದಿನವೆಲ್ಲ ಅದನ್ನೇ ನೋಡಿಕೊಂಡು ಕೂತಿರುತ್ತಾನೆ ಎಂದು ನಾನು ಅಣಕಿಸುವುದಿತ್ತು. ಅವನು ತೋಳು ಮಡಿಸಿಕೊಂಡು ಕೂತ. ಮೊದಲು ಫೋಟೋ ತೆಗೆದ, ಆಮೇಲೆ ಹೆಸರು ಬದಲಾಯಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ದೊಡ್ಡಪ್ಪ, ಒಳಗೆ ಎಲ್ಲೂ ಉಳಿದಿಲ್ಲ ತಾನೇ ಎಂದು ಕೇಳಿದರು. ಮೈಲಿಗೆ ಪಾತ್ರೆಯ ತಳ ನೋಡಿದಂತೆ. ಅವನಿಗೂ ಪೂರ್ತಿ ಕೆಲಸ ಮಾಡುವ ಹುಮ್ಮಸ್ಸು ಬಂತು. ಕಂಪ್ಯೂಟರು ಮಾರಿದವನು ಮಾಡಿಟ್ಟಿದ್ದ ಇನ್ನೊಂದು ಖಾತೆಯಿಂದ ಒಳಹೊಕ್ಕು, ಅಮ್ಮನ ಫೈಲುಗಳೆಲ್ಲ ಇರುವ ಫೋಲ್ಡರಿಗಿದ್ದ ಅವಳ ಹೆಸರನ್ನೂ ಅಳಿಸಿ, ‘ಶುಭಲಾಭ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ. ದೊಡ್ಡಪ್ಪ ಮಂಗಳಾರತಿ ಎತ್ತಿದರು. ಬೂದುಗುಂಬಳ ಒಡೆಯಿತು. ಅವನು ಒಳಗೆ ಏನೇನು ಮುಟ್ಟಿದ ಎಂದು ನನಗೆ ಗೊತ್ತಿರಲಿಲ್ಲ. ನಾನು ಹೊರಗೆ ನಿಂತು ನಿಂಬೆಹಣ್ಣು ಜೋಡಿಸುತ್ತಿದ್ದೆ.

ಹಬ್ಬ ಕಳೆದು ಅಂಗಡಿ ತೆರೆದು ಕಂಪ್ಯೂಟರು ಹಾಕಿದರೆ, ಡೆಸ್ಕ್‌ಟಾಪು ಸಾರಿಸಿದ ಅಂಗಳದಂತೆ ಖಾಲಿ. ಅಮ್ಮ ಹಾಕಿಕೊಂಡಿದ್ದ ಮಲ್ಲಿಗೆ ಬಳ್ಳಿಯ ಚಿತ್ರವಿಲ್ಲ, ಮದುವೆ ಪತ್ರಿಕೆಗಳಿಲ್ಲ, ಒಂದೇ ಒಂದು ಅನೌನ್ಸ್‌ಮೆಂಟಿಲ್ಲ. ಮೂಲೆಯಲ್ಲಿ ಇಂಗ್ಲಿಷಿನ ಒಂದು ಚೌಕ ಮೂಡಿ, ಓದುವ ಮುಂಚೆಯೇ ಮರೆಯಾಯಿತು. ನಾನು ಅಮ್ಮನ ಹೆಸರು ಹಾಕಿ ಹುಡುಕಿದೆ. ಅಂಥ ಹೆಸರಿನ ಫೋಲ್ಡರೇ ಇಲ್ಲ ಎಂದಿತು. ಅವಳ ಹೆಸರಿನವರು ಇಲ್ಲಿ ಯಾರೂ ಇರಲೇ ಇಲ್ಲ ಎಂದು ಹೇಳಿದ ಹಾಗಿತ್ತು.

ಗೌರಿಬಿದನೂರಿಗೆ ಫೋನು ಮಾಡಿದೆ. ಆಫ್ ಮಾಡಿ ಆನ್ ಮಾಡು ಎಂದ. ಮಾಡಿದೆ. ಇನ್ನೊಂದು ಸಲ ಮಾಡು ಎಂದ. ನೀನು ಅವತ್ತು ಏನು ಮಾಡಿದೆ ಎಂದು ಕೇಳಿದರೆ, ‘ಹೆಸರು ಬದ್ಲಾಯಿಸಿದ್ರೆ ಹಂಗೆಲ್ಲಾ ಆಗಲ್ಲ ಕಣೋ, ನೀನೇ ಏನೋ ಒತ್ತಿರ್ತೀಯ’ ಎಂದು ಇಟ್ಟುಬಿಟ್ಟ. ಆ ಮಾತನ್ನು ಅವನ ದನಿಯಲ್ಲೇ ಎಷ್ಟೋ ಸಲ ಹೇಳಿಕೊಂಡೆ. ಅಣಕಿಸಿದರೆ ಸಿಟ್ಟು ಕಡಿಮೆಯಾಗುತ್ತದೆ ಎನ್ನುವುದು ಸುಳ್ಳು.

ಸಿಪಿಯು ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಅಲ್ಲಿ ರಿಪೇರಿ ಮಾಡುವವನೊಬ್ಬನಿದ್ದಾನೆ. ನಾಡಿ ಹಿಡಿಯುವ ಪಂಡಿತನ ಗತ್ತಿನಲ್ಲಿ ಮೌಸು ಹಿಡಿಯುತ್ತಾನೆ. ಡೆಸ್ಕ್‌ಟಾಪು ನೋಡಿದ, ಡಾಕ್ಯುಮೆಂಟ್ಸ್ ನೋಡಿದ, ವೈರಸ್ಸು ಎಂದ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಸಂಜೆಗೆ ಕೊಡುತ್ತೇನೆ ಎಂದ. ಅಳಿಸಬೇಡ, ಒಳಗಿರುವುದು ಬೇಕು ಎಂದೆ.

‘ಏನಿತ್ತು ಅಂಥಾದ್ದು?’

‘ನಮ್ಮಮ್ಮನ ದನಿ.’

‘ಅದಲ್ಲ ಗುರೂ. ಬಿಲ್ಲು, ಲೆಕ್ಕ, ಆಫೀಸಿಂದು ಏನಾದ್ರೂ ಇತ್ತಾ?’

ಇಲ್ಲ ಎಂದೆ. ಹಾಗಾದರೆ ಏನೂ ಇರಲಿಲ್ಲ ಎಂದು ಅವನು ಸ್ಕ್ರೂಡ್ರೈವರು ತೆಗೆದ. ನಾನು ಡಬ್ಬ ಕಿತ್ತುಕೊಂಡು ಮತ್ತೆ ಬಸ್ಸು ಹತ್ತಿದೆ. ಮಿಮಿಕ್ರಿ ಕಲಾವಿದನಾದ ನನಗೆ ಅವನಿಗೆ ತಕ್ಕ ಒಂದು ಬೈಗುಳವೂ ಸಮಯಕ್ಕೆ ಹೊಳೆಯಲಿಲ್ಲ. ಅರ್ಧ ದಾರಿ ದಾಟಿದ ಮೇಲೆ ಒಳ್ಳೊಳ್ಳೆಯವು ಹೊಳೆದವು. ಪಕ್ಕದ ಸೀಟಿನ ಅಜ್ಜಿಯ ಮೇಲೆ ಪ್ರಯೋಗಿಸುವ ಹಾಗಿರಲಿಲ್ಲ.

ಅಪ್ಪನಿಗೆ ಕಂಪ್ಯೂಟರಿನಲ್ಲಿ ಏನೋ ಸಣ್ಣ ತೊಂದರೆ ಎಂದಷ್ಟೇ ಹೇಳಿದ್ದೆ. ಅವನು ದಿನಾ ಸಂಜೆ, ಸೊಪ್ಪು ಕತ್ತರಿಸುತ್ತಾ, ನನ್ನ ಕಡೆ ನೋಡದೆ, ‘ಸಿಗುತ್ತಲ್ಲ?’ ಎನ್ನುತ್ತಿದ್ದ. ಸಿಗುತ್ತೆ ಎನ್ನುತ್ತಿದ್ದೆ. ನನಗೇ ನಂಬಿಕೆ ಇರಲಿಲ್ಲ. ಯಾವ ಬೆಲ್ಲವನ್ನು ಅವನು ಹಬ್ಬಕ್ಕೆಂದು ಇಟ್ಟಿದ್ದನೋ, ಅದನ್ನು ಹಬ್ಬ ಮಾಡಿಯೇ ಹಾಳು ಮಾಡಿದ್ದರು.

ಅಷ್ಟರಲ್ಲಿ ದೀಪಾವಳಿ ಹತ್ತಿರ ಬಂತು, ದೊಡ್ಡಪ್ಪ ಅಂಗಡಿಗೆ ಬಂದರು. ಅವರ ಪೈಪಿನ ಅಂಗಡಿಯಲ್ಲಿ ಹನಿ ನೀರಾವರಿ ಸಾಮಾನಿಗೆ ರಿಯಾಯಿತಿ ಹಾಕಿದ್ದರು. ಅದಕ್ಕೊಂದು ಅನೌನ್ಸ್‌ಮೆಂಟು ಬೇಕು. ಆಟೋದವರನ್ನೂ ಕರೆದುಕೊಂಡೇ ಬಂದಿದ್ದರು. ನಾನು ನನ್ನ ದನಿಯಲ್ಲಿ ಮಾಡಿಕೊಡುತ್ತೇನೆ ಎಂದೆ. ದೊಡ್ಡಪ್ಪನಿಗೆ ಬೇಡ. ಈ ಊರಿನವರು ಅವಳ ದನಿ ಕೇಳಿದರೆ ಮಾತ್ರ ತಲೆ ಎತ್ತಿ ನೋಡುತ್ತಾರೆ ಎಂದರು. ಪೂಜೆಯ ದಿನ ಯಾರ ಹೆಸರು ಕಣ್ಣಿಗೆ ಬೀಳಬಾರದೆಂದು ಆರತಿ ನಿಲ್ಲಿಸಿದ್ದರೋ, ಅವಳ ದನಿ ಈಗ ಪೈಪು ಮಾರಲು ಬೇಕಾಗಿತ್ತು. ಹೆಸರಿಗಿದ್ದ ಮೈಲಿಗೆ ದನಿಗೆ ತಾಗಿರಲಿಲ್ಲ.

‘ಅವೆಲ್ಲ ಹೋಗಿದೆಯಲ್ಲ ದೊಡ್ಡಪ್ಪಾ,’ ಎಂದೆ.

‘ನೀನಿದ್ದೀಯಲ್ಲೋ. ಊರನ್ನೆಲ್ಲಾ ಅಣಕಿಸ್ತೀಯ, ನನ್ನೂ ಬಿಟ್ಟಿಲ್ಲ ಅಂತ ಗೊತ್ತು. ನಿಮ್ಮಮ್ಮನ ಥರ ಮಾಡೋಕೆ ಏನು ಕಷ್ಟ?’

ಆಟೋದವರು, ಬೇಡ ಬೇಟಾ ಎಂದು ಮೆಲ್ಲಗೆ ಅಂದರು. ದೊಡ್ಡಪ್ಪ ಅವರ ಕಡೆ ನೋಡಿದರು, ಅವರು ಜೇಬಿನಿಂದ ಪೆನ್‌ಡ್ರೈವು ತೆಗೆದು ಮೇಜಿನ ಮೇಲಿಟ್ಟರು. ನಾನು ಆಗುವುದಿಲ್ಲ ಎನ್ನಬಹುದಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವ ಬಾಯಲ್ಲ. ಯಾರದಾದರೂ ದನಿ ಮಾಡು ಎಂದರೆ ಸಾಕು, ಯೋಚನೆಗಿಂತ ಮುಂಚೆ ತೆರೆದುಕೊಳ್ಳುತ್ತದೆ. ಇನ್ನೊಂದೂ ಇತ್ತು. ಆ ಗೂಡಿನಲ್ಲಿ ಕೂತರೆ ಕಂಬಳಿಗೆ ಇನ್ನೂ ಅವಳ ತಲೆಯೆಣ್ಣೆಯ ವಾಸನೆ ಇತ್ತು. ನನಗೂ ಅವಳ ದನಿ ಕೇಳದೆ ತಿಂಗಳುಗಳಾಗಿದ್ದವು. ಮೈಕು ಹತ್ತಿರ ಎಳೆದುಕೊಂಡು, ‘ಮಾನ್ಯರೇ’ ಎಂದೆ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಅಮ್ಮ, ‘ಮಾನ್ಯರೇ’ ಎಂದಳು. ಪೈಪು, ಡ್ರಿಪ್ಪು, ರಿಯಾಯಿತಿ, ಎಲ್ಲ ಹೇಳಿದಳು. ಹೊರಗೆ ಬಂದಾಗ ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು. ಆಟೋದವರು ಪೆನ್‌ಡ್ರೈವು ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಅಂಗಡಿಗೆ ಬಂದ. ಮೊಪೆಡ್ಡಿನ ಸದ್ದು ಕೇಳಿ ನಾನು ಹೊರಗೆ ನೋಡಿದೆ. ತೋಟದ ಮಗ್ಗುಲಲ್ಲೇ ರಸ್ತೆ, ಆಟೋ ಅಮ್ಮನ ದನಿ ಹೊತ್ತು ಆ ದಾರಿಯಲ್ಲಿ ಹೋಗಿರಬೇಕು. ತೋಟದಿಂದ ಬರುವವನು ಸಾಮಾನ್ಯವಾಗಿ ಸೊಪ್ಪಿನ ಹಾಲು ಹತ್ತಿದ ಬನಿಯನ್ನಿನಲ್ಲೇ ಬರುತ್ತಾನೆ. ಅವತ್ತು ಸ್ನಾನ ಮಾಡಿದ್ದ. ಮದುವೆ ಮನೆಗೆ ಹಾಕುವ ಬಿಳಿ ಶರಟು ಹಾಕಿದ್ದ. ಯಾರನ್ನೂ ಮಾತಾಡಿಸದೆ ನೇರ ಗೂಡಿನೊಳಗೆ ಹೋಗಿ, ಅಮ್ಮನ ಸ್ಟೂಲಿನ ಮೇಲೆ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತ.

‘ಸಿಕ್ತಲ್ಲ. ಹಸುವಿಂದು ಹಾಕಪ್ಪಾ.’

ನಾನು ಹೆಡ್‌ಫೋನು ಕೈಗೆತ್ತಿಕೊಂಡು, ಮತ್ತೆ ಅಲ್ಲೇ ಇಟ್ಟೆ. ದೊಡ್ಡಪ್ಪ ಅಲ್ಲೇ ಕೂತು ಟೀ ಕುಡಿಯುತ್ತಿದ್ದರು. ನಗುತ್ತಲೇ ಹೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ತಮಾಷೆಯ ವಿಷಯವೆಂದೇ ತಿಳಿದು ಹೇಳಿದರು.

‘ಏ, ಅದು ನಿನ್ ಮಗ ಕಣಯ್ಯಾ. ನೀನೂ ಮೋಸ ಹೋದ್ಯಾ? ನೋಡು, ನಾನು ಹೇಳಿರ್ಲಿಲ್ವಾ, ಯಾರಿಗೂ ಗೊತ್ತಾಗಲ್ಲ ಅಂತ.’

ಅಪ್ಪ ಮೈಕನ್ನು ನೋಡಿದ. ಅದಕ್ಕೆ ಸುತ್ತಿದ್ದ ಚೆಂಡುಹೂ ಒಣಗಿ ನೇತಾಡುತ್ತಿತ್ತು. ಆಮೇಲೆ ನನ್ನನ್ನು ನೋಡಿದ. ಚಿಕ್ಕಂದಿನಲ್ಲಿ ಸೊಪ್ಪಿನ ಕಡ್ಡಿ ಎಸೆಯುತ್ತಿದ್ದ ಕೈ ಮಂಡಿಯ ಮೇಲೇ ಇತ್ತು. ಎಸೆದಿದ್ದರೆ ಒಳ್ಳೆಯದಿತ್ತು.

‘ಚೆನ್ನಾಗ್ ಮಾಡಿದ್ದೀಯ,’ ಎಂದು ಎದ್ದು ಹೋದ.

ಆ ಹೊತ್ತಿನಲ್ಲಿ ನನಗೆ ಬಂದ ಸಿಟ್ಟು ಯಾರ ಮೇಲೆಂದು ಹೇಳಲಾರೆ. ಕಂಪ್ಯೂಟರು ಆಫ್ ಮಾಡಿ, ಬಾಗಿಲೆಳೆದು ಹೊರಟೆ. ಮಾರನೆಯ ಬೆಳಿಗ್ಗೆ ಬಂದು ಹಾಕಿದರೆ, ಹಿಂದಿನ ದಿನ ನಾನು ಮಾಡಿದ ಪೈಪಿನ ಅನೌನ್ಸ್‌ಮೆಂಟೂ ಇರಲಿಲ್ಲ. ಡೆಸ್ಕ್‌ಟಾಪು ಮತ್ತೆ ಖಾಲಿ. ದಸರಾ ಆದ ಮೇಲೆ ನಾನು ಅದರಲ್ಲಿ ಮಾಡಿಟ್ಟ ಮೊದಲ ಫೈಲು ಅದು. ಆಗ ನನಗೆ ಎಚ್ಚರವಾಯಿತು. ಹೋದ ಫೈಲು ಒಂದು ಸಲ ಹೋಗಬೇಕು. ಇಲ್ಲಿ ದಿನದಿನವೂ ಯಾರೋ ಗುಡಿಸುತ್ತಿದ್ದರು. ಮತ್ತೆ ಆಫ್ ಮಾಡಿ ಆನ್ ಮಾಡಿ, ಮೂಲೆಯ ಆ ಚೌಕ ಮೂಡುವುದನ್ನೇ ಕಾದು, ಫೋನಿನಲ್ಲಿ ಅದರ ಫೋಟೋ ಹಿಡಿದು, ನಿಧಾನವಾಗಿ ಓದಿದೆ. ನೀವೀಗ ತಾತ್ಕಾಲಿಕವಾಗಿ ಒಳಗೆ ಬಂದಿದ್ದೀರಿ, ನಿಮ್ಮ ಫೈಲುಗಳು ನಿಮಗೆ ಕಾಣುವುದಿಲ್ಲ, ಇಲ್ಲಿ ಮಾಡಿದ್ದೆಲ್ಲ ನೀವು ಹೊರಟ ಕೂಡಲೇ ಅಳಿಸಿಹೋಗುತ್ತದೆ ಎಂದಿತ್ತು. ಪಾಪ, ಅದು ದಿನಾ ಹೇಳುತ್ತಲೇ ಇತ್ತು. ನಮ್ಮಲ್ಲಿ ಹೇಳುವವರು ಬಹಳ ಜನ ಇರುವುದರಿಂದ ನಾನು ಕೇಳಿಸಿಕೊಂಡಿರಲಿಲ್ಲ.

ಕಾಣುವುದಿಲ್ಲ ಎಂದಿತ್ತು, ಇಲ್ಲ ಎಂದಿರಲಿಲ್ಲ. ಬಳಕೆದಾರರ ಫೋಲ್ಡರುಗಳು ಇರುವ ಜಾಗವನ್ನು ತೆರೆದೆ. ಅಲ್ಲಿ ‘ಶುಭಲಾಭ’ ಎಂಬುದೊಂದಿತ್ತು. ಮೊದಲೂ ಅದು ಕಣ್ಣಿಗೆ ಬಿದ್ದಿತ್ತು, ಪೂಜೆಯ ದಿನ ಅಣ್ಣ ಇಳಿಸಿಕೊಂಡ ಯಾವುದೋ ದೇವರ ಚಿತ್ರಗಳೆಂದು ಬಿಟ್ಟಿದ್ದೆ. ಈಗ ತೆರೆದರೆ, ಒಳಗೆ ಅಮ್ಮನ ಸಂತೆ ಹಾಗೇ ಹರಡಿಕೊಂಡಿತ್ತು. ಒಂದೂ ಅಳಿಸಿರಲಿಲ್ಲ.

ಆದದ್ದಿಷ್ಟೇ. ಯಾರ ಮನೆ ಎಲ್ಲಿದೆ ಎಂಬುದನ್ನು ಕಂಪ್ಯೂಟರು ತನ್ನ ಹೊಟ್ಟೆಯೊಳಗೆ ಬರೆದಿಟ್ಟುಕೊಂಡಿರುತ್ತದೆ. ದಿನಾ ಬೆಳಿಗ್ಗೆ ಅದು ಅಮ್ಮನ ಹೆಸರಿನ ಮನೆ ಹುಡುಕಿಕೊಂಡು ಹೋಗುತ್ತಿತ್ತು. ಬಾಗಿಲ ಮೇಲಿನ ಬೋರ್ಡು ಬದಲಾಗಿದ್ದರಿಂದ ಮನೆಯೇ ಸಿಗದೆ, ಒಡತಿಯನ್ನು ತಂದು ಲಾಡ್ಜಿನ ಕೋಣೆಯಲ್ಲಿ ಇಳಿಸಿ, ಸಂಜೆಗೆ ಕೋಣೆ ತೊಳೆಸುತ್ತಿತ್ತು. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದದ್ದನ್ನು ಓದಿಕೊಂಡು, ಮೊದಲು ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿದೆ. ಆ ಇನ್ನೊಂದು ಖಾತೆಯಿಂದ ಹೋಗಿ, ಶುಭಲಾಭವನ್ನು ಅಳಿಸಿ ಅಮ್ಮನ ಹೆಸರನ್ನು ಬರೆದೆ. ಒಳಗಿನ ವಿಳಾಸದ ಜಾಗದಲ್ಲಿ ಅವಳ ಹೆಸರಿಗೆ ಎರಡು ನಮೂದುಗಳಾಗಿದ್ದವು, ಒಂದು ನಿಜವಾದದ್ದು, ಒಂದು ಲಾಡ್ಜಿನದು. ಲಾಡ್ಜಿನದನ್ನು ತೆಗೆದು, ನಿಜವಾದದ್ದನ್ನು ಸರಿ ಮಾಡಿ, ಕಂಪ್ಯೂಟರು ಹಾಕಿದೆ. ಮಲ್ಲಿಗೆ ಬಳ್ಳಿ ಬಂತು. ಅಣ್ಣ ತೆಗೆದಿದ್ದ ಅವಳ ಫೋಟೋ, ಹೆಸರನ್ನೂ ಮೊದಲಿನ ಹಾಗೇ ಹಾಕಿದೆ.

ಗೌರಿಬಿದನೂರಿಗೆ ಫೋನು ಮಾಡಿ ಹೇಳಿದೆ. ‘ಸಿಕ್ತಲ್ಲ, ಇನ್ನೇನು ಮತ್ತೆ?’ ಎಂದ ಅಣ್ಣ.

ಅಪ್ಪ ಇನ್ನು ಅಂಗಡಿಗೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಹಸುವಿನ ಅನೌನ್ಸ್‌ಮೆಂಟನ್ನು ಫೋನಿಗೆ ಹಾಕಿಕೊಂಡು, ಜೊತೆಗೆ ಒಂದು ಸಣ್ಣ ಸ್ಪೀಕರು ಹಿಡಿದುಕೊಂಡು, ತೋಟಕ್ಕೆ ಹೋದೆ. ಹುಳು ಹಣ್ಣಾಗುವ ಹೊತ್ತು. ಹಣ್ಣಾದ ಹುಳು ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ಮೇವು ಬಿಟ್ಟು, ತಲೆಯಾಡಿಸುತ್ತಾ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅಪ್ಪ ಅವನ್ನು ಒಂದೊಂದಾಗಿ ಆರಿಸಿ, ಬಿದಿರಿನ ಸುರುಳಿ ತಟ್ಟೆಗೆ, ಚಂದ್ರಿಕೆಗೆ, ಬಿಡುತ್ತಿದ್ದ. ಚಪ್ಪಲಿ ಬಿಟ್ಟು, ಕೈ ತೊಳೆದು, ಕೊಟ್ಟಿಗೆಯ ಬಾಗಿಲಲ್ಲಿ ನಿಂತೆ.

‘ಅಪ್ಪಾ, ಸಿಕ್ತು. ನಿಜವಾಗ್ಲೂ ಅಮ್ಮಂದೇ,’ ಎಂದೆ.

ಅವನು ಹೂಂ ಎಂದ, ತಿರುಗಲಿಲ್ಲ. ನಾನು ಹಾಕಿದೆ. ಮೊದಲು ಮೈಕು ಸರಿಸಿದ ಸದ್ದು. ಆಮೇಲೆ ಅಮ್ಮ, ‘ಲೋ, ಫ್ಯಾನ್ ಆರ್ಸೋ, ಗರ್ ಅಂತಿದೆ’ ಎನ್ನುತ್ತಾಳೆ. ಹಿಂದಿನಿಂದ ನನ್ನ ದನಿ, ಆಗಿನ್ನೂ ಒಡೆದು ಒಡೆದು ಬರುತ್ತಿದ್ದ ದನಿ, ‘ಆರಿಸ್ದೆ’ ಎನ್ನುತ್ತದೆ. ಅವಳು ಒಂದು ಸಲ ಕೆಮ್ಮುತ್ತಾಳೆ. ‘ಮಾನ್ಯರೇ’ ಎನ್ನುತ್ತಾಳೆ. ಕಂದು ಹಸು, ಬಿಳಿ ಬೊಟ್ಟು, ಹಸು ಬಹಳ ಸಾಧು. ಕಟ್ಟಿದವರಿಗೆ ಗಂಟು ಹಾಕಲು ಬರುವುದಿಲ್ಲ ಎನ್ನುವ ಹೊತ್ತಿಗೆ ಅವಳಿಗೇ ನಗು ತಡೆಯಲಾಗದೆ, ಬಾಯಿಗೆ ಸೆರಗು ಒತ್ತಿಕೊಂಡ ಸದ್ದು ಬರುತ್ತದೆ. ಆಟೋಗೆ ಕೊಡುವಾಗ ಆ ನಗುವನ್ನು ಕತ್ತರಿಸಿದ್ದಳು. ಇದು ಕತ್ತರಿಸುವ ಮುಂಚಿನದು. ಊರಲ್ಲಿ ಯಾರೂ ಕೇಳದೇ ಇದ್ದದ್ದು.

ಅಪ್ಪ ಕೊನೆಯವರೆಗೂ ಕೇಳಿದ. ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಡುವುದನ್ನು ಮರೆತಿದ್ದ. ಅದು ಅವನ ಬೆರಳಿಗೇ ಎಳೆ ಅಂಟಿಸುತ್ತಿತ್ತು.

‘ಕೆಮ್ಮೂ ಹಂಗೇ ಮಾಡಿದ್ದೀಯಪ್ಪಾ,’ ಎಂದ.

ನಾನಲ್ಲ ಎಂದೆ. ಅಮ್ಮ ಎಂದೆ. ಫೋನು ಅವನ ಮುಖದ ಹತ್ತಿರ ಹಿಡಿದು, ಇದು ಹಳೇ ಫೈಲು, ಹೋಗಿದ್ದದ್ದು, ಫೋಲ್ಡರಿನ ಹೆಸರು ಬದಲಾಯಿಸಿದ್ದರಿಂದ ಕಾಣದೆ ಹೋಗಿತ್ತು ಎಂದು ವಿವರಿಸಿದೆ. ವಿವರಿಸಿದಷ್ಟೂ ಸುಳ್ಳಿನ ಹಾಗೆ ಕೇಳಿಸಿತು. ಇನ್ನೊಂದು ಸಲ ಹಾಕಿ, ನನ್ನ ದನಿಯೂ ಇದೆ ಕೇಳು, ಇಬ್ಬರೂ ಇದ್ದೇವೆ ಎಂದೆ.

‘ಇಬ್ಬರ ದನೀಲೂ ಮಾಡ್ತೀಯಲ್ಲ ನೀನು. ಮದುವೆಗಳಲ್ಲಿ ನೋಡಿಲ್ವಾ,’ ಎಂದ. ಸಿಟ್ಟಿರಲಿಲ್ಲ. ನನ್ನನ್ನು ಸಮಾಧಾನ ಮಾಡುವವನಂತೆ ಹೇಳಿದ. ‘ನಂಗೋಸ್ಕರ ಇಷ್ಟೆಲ್ಲ ಕಷ್ಟ ಬೀಳ್ಬೇಡ ಕಣಪ್ಪಾ. ಹೋಗ್ಲಿ ಬಿಡು. ಆಫ್ ಮಾಡು, ಹುಳ ಹೆದರ್ಕೊಂಡಾವು.’

ಹುಳುಗಳಿಗೆ ಹೆದರಿಕೆ ಇರಲಿಲ್ಲ. ಅವು ತಮ್ಮ ಪಾಡಿಗೆ ತಲೆಯಾಡಿಸುತ್ತಿದ್ದವು. ನಾನು ಆಫ್ ಮಾಡಿದೆ. ಅಪ್ಪ ಬೆರಳಿನ ಎಳೆಯನ್ನು ಬಿಡಿಸಿಕೊಂಡು ಹುಳುವನ್ನು ಅದರ ಜಾಗದಲ್ಲಿ ಬಿಟ್ಟ.

ಆಮೇಲೆ ಅವನು ಆ ವಿಷಯ ಎತ್ತಿಲ್ಲ. ಅಮ್ಮನ ದನಿ ಈಗ ಕಂಪ್ಯೂಟರಿನಲ್ಲಿದೆ, ಪೆನ್‌ಡ್ರೈವಿನಲ್ಲಿದೆ, ನನ್ನ ಫೋನಿನಲ್ಲಿದೆ. ಇನ್ನು ಎಲ್ಲಿಯೂ ಕಳೆಯದ ಹಾಗೆ ಜೋಪಾನ ಮಾಡಿದ್ದೇನೆ. ಅದನ್ನು ಕೇಳಬೇಕಾದವನೊಬ್ಬನಿಗೆ ಮಾತ್ರ ಅದು ಸಿಗಲಿಲ್ಲ. ಆಟೋದವರು ಈಗಲೂ ಪೆನ್‌ಡ್ರೈವು ತಂದರೆ ನನ್ನ ದನಿಯಲ್ಲೇ ಮಾಡಿ ಕೊಡುತ್ತೇನೆ. ಯಾರೂ ತಲೆ ಎತ್ತಿ ನೋಡುವುದಿಲ್ಲವಂತೆ. ಮದುವೆಗಳಲ್ಲಿ ಯಾರಾದರೂ, ನಿಮ್ಮಮ್ಮಂದು ಒಂದು ಮಾಡೋ ಎಂದರೆ ದೊಡ್ಡಪ್ಪನ ಗಂಟಲು ಸರಿಮಾಡಿಕೊಳ್ಳುವುದನ್ನು ಮಾಡಿ ತೋರಿಸುತ್ತೇನೆ. ಅವರು ಮುಂದಿನ ಸಾಲಿನಲ್ಲೇ ಕೂತಿದ್ದರೂ ಸರಿಯೇ.

ಮೊನ್ನೆ ದೊಡ್ಡಪ್ಪ ಅಂಗಡಿಗೆ ಬಂದಾಗ ಪರದೆಯ ಮೇಲೆ ಮತ್ತೆ ಅಮ್ಮನ ಫೋಟೋ, ಹೆಸರು ನೋಡಿದರು. ಇದನ್ನು ತೆಗೆಸೋ ಎಂದು ಹೇಳಿದೆನಲ್ಲ ಎಂದರು. ಮಳಿಗೆ ನಿಮ್ಮದು, ಬಾಗಿಲ ಮೇಲೆ ಏನು ಬೇಕಾದರೂ ಬರೆಸಿಕೊಳ್ಳಿ, ಒಳಗಿನದು ಅವಳದು ಎಂದೆ. ಅದನ್ನು ಯಾರ ದನಿಯಲ್ಲೂ ಹೇಳಲಿಲ್ಲ, ನನ್ನದರಲ್ಲೇ ಹೇಳಿದೆ. ಅವರು, ಏನು ಮಾತಾಡ್ತಾನೆ ಇವನು ಎನ್ನುವಂತೆ, ಪೆನ್‌ಡ್ರೈವು ಹಿಡಿದು ಬಂದಿದ್ದ ಆಟೋದವರ ಮುಖ ನೋಡಿದರು.

ದಿನಾ ಬೆಳಿಗ್ಗೆ ನಾನು ಆ ಹೆಸರಿನ ಮೇಲೆ ಒತ್ತುತ್ತೇನೆ. ಕಂಪ್ಯೂಟರು ಅಮ್ಮನ ಹೆಸರು ಹಿಡಿದು ಸ್ವಾಗತ ಹೇಳಿ ಒಳಗೆ ಬಿಡುತ್ತದೆ. ಮಲ್ಲಿಗೆ ಬಳ್ಳಿ ಬರುತ್ತದೆ. ಬಂದವಳು ಅವಳೇ ಎಂದು ಅದು ಒಂದು ಗಳಿಗೆಯೂ ಅನುಮಾನ ಪಡುವುದಿಲ್ಲ.